ಊರ ಹೆಸರಿನ ಬಾಲ ಹಿಡಿದು

ದೊಡ್ಡಬಳ್ಳಾಪುರ ತಾಲ್ಲೂಕಿನ ಐದು ಹೋಬಳಿಗಳಲ್ಲಿ ಒಂದರ ಕೇಂದ್ರವಾದ ದೊಡ್ಡಬೆಳವಂಗಲದ ಹೆಸರು ಕಂದಾಯ ದಾಖಲೆಗಳಲ್ಲಿ ಏಳು ಅಕ್ಷರಗಳಷ್ಟು ಉದ್ದವಿದ್ದರೂ ಆಡುಮಾತಿನಲ್ಲಿ ಅದು ‘ಬೆಳವಂಗ್ಲ’ ಎಂಬ ನಾಲ್ಕೇ ಅಕ್ಷರಗಳಿಗೆ ಇಳಿಯುತ್ತದೆ. ಮುಂದಿನ ‘ದೊಡ್ಡ’ ಬಿದ್ದುಹೋಗುತ್ತದೆ, ಕೊನೆಯ ಗಕಾರ ಲಕಾರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ; ಆದರೆ ನಡುವಿನ ‘ವ’ ಮಾತ್ರ ಯಾರ ಬಾಯಲ್ಲೂ ಕದಲುವುದಿಲ್ಲ. ಊರಿನ ಹುಟ್ಟನ್ನು ಹುಡುಕುವವರು ಸಾಮಾನ್ಯವಾಗಿ ಹೆಸರಿನ ತಲೆಯನ್ನು, ಎಂದರೆ ‘ಬೆಳ’ ಎಂಬುದನ್ನು, ಹಿಡಿದು ಹೊರಡುತ್ತಾರೆ. ಈ ಊರಿನ ಮಟ್ಟಿಗೆ ಅದರ ಬದಲು ಬಾಲವನ್ನು ಹಿಡಿಯುವುದು ಹೆಚ್ಚು ಫಲ ಕೊಡುವ ದಾರಿ, ಏಕೆಂದರೆ ಹೇಳಬೇಕಾದುದರಲ್ಲಿ ಹೆಚ್ಚಿನದನ್ನು ಆ ಒಂದು ವಕಾರವೇ ಹೇಳುತ್ತದೆ.

ಸ್ಥಳನಾಮ ಅಧ್ಯಯನದಲ್ಲಿ ಊರ ಹೆಸರನ್ನು ಎರಡು ತುಂಡಾಗಿ ಬಿಡಿಸುವುದು ವಾಡಿಕೆ. ಊರು, ಹಳ್ಳಿ, ಕೆರೆ, ಪುರ, ಘಟ್ಟ, ಪಾಳ್ಯ ಮುಂತಾಗಿ ಹಲವು ಊರುಗಳಿಗೆ ಸಮಾನವಾಗಿ ಬರುವ ಕೊನೆಯ ಭಾಗಕ್ಕೆ ‘ವಾರ್ಗಿಕ’ ಎಂದೂ, ಅದೇ ವರ್ಗದ ಬೇರೆ ಊರುಗಳಿಂದ ಈ ಊರನ್ನು ಬೇರ್ಪಡಿಸುವ ಮೊದಲ ಭಾಗಕ್ಕೆ ‘ನಿರ್ದಿಷ್ಟ’ ಎಂದೂ ಹೆಸರು. ನೆಲಮಂಗಲದಲ್ಲಿ ‘ನೆಲ’ ನಿರ್ದಿಷ್ಟ, ‘ಮಂಗಲ’ ವಾರ್ಗಿಕ. ಹೊಸಕೋಟೆಯಲ್ಲಿ ‘ಹೊಸ’ ನಿರ್ದಿಷ್ಟ, ‘ಕೋಟೆ’ ವಾರ್ಗಿಕ. ಜನರ ಕುತೂಹಲ ನಿರ್ದಿಷ್ಟದ ಕಡೆಗೇ ವಾಲುತ್ತದೆ, ಕತೆಗಳು ಹುಟ್ಟುವುದೂ ಅಲ್ಲಿಯೇ. ವಾರ್ಗಿಕಕ್ಕೆ ಕತೆ ಕಟ್ಟುವ ಉತ್ಸಾಹ ಯಾರಿಗೂ ಇಲ್ಲದ ಕಾರಣ ಅದು ಕಲಬೆರಕೆಯಾಗದೆ ಉಳಿದಿರುತ್ತದೆ, ಮತ್ತು ಆ ನೆಲದಲ್ಲಿ ವಸತಿ ಯಾವ ಬಗೆಯಲ್ಲಿ ಬೇರೂರಿತು ಎಂಬುದರ ಗುರುತನ್ನು ಇಟ್ಟುಕೊಂಡಿರುತ್ತದೆ.

ಬೆಳವಂಗಲದಲ್ಲಿ ವಾರ್ಗಿಕ ಯಾವುದು ಎಂಬುದು ಮೊದಲ ನೋಟಕ್ಕೆ ಕಾಣುವುದಿಲ್ಲ. ‘ವಂಗಲ’ ಎಂಬ ಪದ ಕನ್ನಡದಲ್ಲಿಲ್ಲ. ಇಲ್ಲಿ ನೆರವಿಗೆ ಬರುವುದು ಶಾಲೆಯ ವ್ಯಾಕರಣದಲ್ಲಿ ಎಲ್ಲರೂ ಓದಿ ಮರೆತಿರುವ ಆದೇಶಸಂಧಿ. ಎರಡು ಪದಗಳು ಕೂಡಿ ಸಮಾಸವಾಗುವಾಗ ಎರಡನೆಯ ಪದದ ಮೊದಲ ಕ, ತ, ಪಗಳಿಗೆ ಗ, ದ, ಬಗಳು ಬರುವಂತೆ, ಪ, ಬ, ಮಗಳಿಗೆ ಅನೇಕ ಕಡೆ ವಕಾರ ಬರುತ್ತದೆ: ಬೆಮರ್ ಮತ್ತು ಪನಿ ಸೇರಿ ಬೆಮರ್ವನಿ, ಕಡು ಮತ್ತು ಬೆಳ್ಪು ಸೇರಿ ಕಡುವೆಳ್ಪು, ಮೆಲ್ ಮತ್ತು ಮಾತು ಸೇರಿ ಮೆಲ್ವಾತು. ಇದೇ ಜಾಡಿನಲ್ಲಿ ಬೆಳ ಮತ್ತು ಮಂಗಲ ಸೇರಿದರೆ ಬೆಳವಂಗಲ. ಒಂದೇ ಉದಾಹರಣೆಯ ಮೇಲೆ ನಿಯಮವನ್ನು ನಿಲ್ಲಿಸಬಾರದು ಎನ್ನುವುದಾದರೆ ಹಾಸನ ತಾಲ್ಲೂಕಿನ ಕೋರವಂಗಲವಿದೆ. 1173ರಲ್ಲಿ ಕಟ್ಟಿದ ಹೊಯ್ಸಳರ ಬೂಚೇಶ್ವರ ದೇವಾಲಯದಿಂದ ಹೆಸರಾದ ಆ ಊರಿನ ಬಾಲವೂ ‘ವಂಗಲ’ವೇ. ದೊಡ್ಡಬೆಳವಂಗಲದಿಂದ ಹೆಚ್ಚು ದೂರವಿಲ್ಲದ ನೆಲಮಂಗಲದಲ್ಲಿ ಮಾತ್ರ ಮಕಾರ ಹಾಗೆಯೇ ಉಳಿದಿದೆ. ಹೆಸರುಗಳು ವ್ಯಾಕರಣ ಓದಿ ಬದಲಾಗುವುದಿಲ್ಲವಾದ್ದರಿಂದ ಒಂದೇ ಸೀಮೆಯಲ್ಲಿ ಒಂದು ಊರು ನಿಯಮಕ್ಕೆ ಬಾಗಿ ಇನ್ನೊಂದು ಬಾಗದಿರುವುದು ಅಚ್ಚರಿಯೇನಲ್ಲ.

ಈ ಬದಲಾವಣೆ ಎಷ್ಟು ಹಳೆಯದು ಎಂಬುದಕ್ಕೆ ಕನ್ನಡದ ಅತ್ಯಂತ ಹಳೆಯ ಶಾಸನಗಳಲ್ಲಿ ಒಂದೇ ಸಾಕ್ಷಿ. ಸುಮಾರು ಕ್ರಿ.ಶ. 450ರದೆಂದು ಹೇಳಲಾಗುವ ಹಲ್ಮಿಡಿ ಶಾಸನದಲ್ಲಿ ದತ್ತಿಯಾಗಿ ಬಿಟ್ಟ ಎರಡು ಊರುಗಳ ಹೆಸರಿದೆ. ಒಂದು ಪಲ್ಮಿಡಿ, ಎಂದರೆ ಇಂದಿನ ಹಲ್ಮಿಡಿ, ಇನ್ನೊಂದು ಮೂೞುವಳ್ಳಿ. ಪದದ ಮೊದಲಲ್ಲಿರುವ ಪಕಾರ ಆಗ ಇನ್ನೂ ಹಕಾರವಾಗಿರಲಿಲ್ಲ, ಅದಕ್ಕೆ ಇನ್ನೂ ಐದಾರು ಶತಮಾನ ಕಾಯಬೇಕಿತ್ತು. ಆದರೆ ಪದದ ನಡುವಿನ ‘ಪಳ್ಳಿ’ ಆಗಲೇ ‘ವಳ್ಳಿ’ಯಾಗಿತ್ತು. ಬೆಳವಂಗಲದ ವಕಾರ ಇಂಥ ಹಳೆಯ ಮನೆತನಕ್ಕೆ ಸೇರಿದ್ದು.

ಈಗ ತಲೆಯ ಭಾಗ. ‘ಬೆಳವ’ ಎಂದರೆ ಪಾರಿವಾಳದ ಜಾತಿಯ ಒಂದು ಕಾಡುಹಕ್ಕಿ. ಆದ್ದರಿಂದ ‘ಬೆಳವಗಳ ಅಂಗಳ’ವೇ ಬೆಳವಂಗಲವಾಯಿತು ಎಂದು ಬಿಡಿಸುವ ಆಸೆ ಯಾರಿಗಾದರೂ ಆಗುವಂಥದು, ಮತ್ತು ಕೇಳುವುದಕ್ಕೆ ಇದಕ್ಕಿಂತ ಚೆಂದದ ಅರ್ಥ ಸಿಗಲಾರದು. ಆದರೆ ಅಂಗಳದ ಕೊನೆಯ ಅಕ್ಷರ ಳಕಾರ, ಊರಿನ ಕೊನೆಯ ಅಕ್ಷರ ಲಕಾರ. ಮಂಗಲ ಎಂಬ ಪದ ಮಂಗಳೂರಿನಲ್ಲಿರುವಂತೆ ಳಕಾರದಲ್ಲೂ ನೆಲಮಂಗಲದಲ್ಲಿರುವಂತೆ ಲಕಾರದಲ್ಲೂ ಓಡಾಡುತ್ತದೆ. ಅಂಗಳಕ್ಕೆ ಆ ಸ್ವಾತಂತ್ರ್ಯವಿಲ್ಲ. ಬೇಲದ ಮರದಿಂದ ಹೆಸರು ಬಂದಿರಬೇಕೆಂಬ ಊಹೆಯೂ ಇದೇ ತಕ್ಕಡಿಯಲ್ಲಿ ತೂಗಿದರೆ ಹಗುರವಾಗುತ್ತದೆ: ಬೇಲದಲ್ಲಿ ಮೊದಲ ಸ್ವರ ದೀರ್ಘ, ಎರಡನೆಯದು ಲಕಾರ, ಊರಿನಲ್ಲಿ ಮೊದಲ ಸ್ವರ ಹ್ರಸ್ವ, ಎರಡನೆಯದು ಳಕಾರ. ಒಂದು ವ್ಯತ್ಯಾಸವನ್ನು ನಾಲಗೆಯ ಸೋಮಾರಿತನಕ್ಕೆ ಬಿಡಬಹುದು, ಎರಡನ್ನು ಬಿಡುವುದು ಕಷ್ಟ.

ಉಳಿಯುವುದು ಎರಡು ದಾರಿ. ಹಳಗನ್ನಡದಲ್ಲಿ ‘ಬೆಳ್’ ಎಂದರೆ ಬಿಳುಪು. ಶ್ರವಣಬೆಳಗೊಳದ ಹೆಸರು ಈ ‘ಬೆಳ್’ ಮತ್ತು ‘ಕೊಳ’ ಸೇರಿ ಆದದ್ದು. ಬೆಳ್ಗೊಳವೆಂಬ ಬಿಗಿಯಾದ ರೂಪ ಕಾಲಕ್ರಮದಲ್ಲಿ ನಡುವೆ ಒಂದು ಅಕಾರವನ್ನು ಸೇರಿಸಿಕೊಂಡು ಬೆಳಗೊಳವಾಯಿತು, ಮತ್ತು ಶಾಸನಕವಿಗಳು ಆ ಊರನ್ನು ಶ್ವೇತಸರೋವರವೆಂದು ಸಂಸ್ಕೃತಕ್ಕೆ ತಿರುಗಿಸಿರುವುದರಿಂದ ಅರ್ಥದ ಬಗ್ಗೆ ಸಂಶಯಕ್ಕೆ ಎಡೆಯಿಲ್ಲ. ಬೆಳ್ ಮತ್ತು ಮಂಗಲ ಸೇರಿ ಬೆಳ್ವಂಗಲ, ಅದರಿಂದ ಬೆಳವಂಗಲ ಎಂಬುದು ಅದೇ ಅಚ್ಚಿನಲ್ಲಿ ಎರಕವಾದಂತಿದೆ. ಎರಡನೆಯ ದಾರಿ ‘ಬೆಳೆ’, ಎಂದರೆ ಪೈರು. ಗದಗ, ಧಾರವಾಡಗಳ ಕಡೆಯ ಬೆಳ್ವೊಲ ಅಥವಾ ಬೆಳವಲ ಸೀಮೆ ಕಪ್ಪು ಎರೆಮಣ್ಣಿನ ನಾಡಾದ್ದರಿಂದ ಅಲ್ಲಿ ಬಿಳುಪಿನ ಅರ್ಥ ಹೊಂದುವುದಿಲ್ಲ. ಬೆಳೆಯುವ ಹೊಲವೆಂಬ ಅರ್ಥವೇ ಅಲ್ಲಿಗೆ ಸರಿ. ಹೀಗೆ ಒಂದೇ ‘ಬೆಳ’ ಒಂದು ಕಡೆ ಬಣ್ಣವನ್ನೂ ಇನ್ನೊಂದು ಕಡೆ ಫಸಲನ್ನೂ ಸೂಚಿಸುತ್ತದೆ. ಬೆಳವಂಗಲದ ಮಟ್ಟಿಗೆ ಉಚ್ಚಾರಣೆಯ ಸಾಮ್ಯ ಬೆಳಗೊಳದ ಕಡೆಗೆ ತುಸು ಹೆಚ್ಚು ವಾಲುತ್ತದೆ. ಆದರೂ ಎರಡರಲ್ಲಿ ಯಾವುದನ್ನು ಒಪ್ಪಿದರೂ ಹೆಸರಿನ ನಿರ್ದಿಷ್ಟ ಭಾಗ ನೆಲಕ್ಕೆ ಸಂಬಂಧಿಸಿದ್ದೇ ಹೊರತು ದೊರೆಗೋ ದೇವರಿಗೋ ಸಂಬಂಧಿಸಿದ್ದಲ್ಲ. ಈ ಅಂಶ ಮುಂದಿನ ಮಾತಿಗೆ ಬೇಕಾಗುತ್ತದೆ.

ಮಂಗಲವೆಂಬ ದತ್ತಿ

ಸ್ಥಳನಾಮದ ಕೊನೆಯಲ್ಲಿ ಬರುವ ‘ಮಂಗಲ’ಕ್ಕೆ ಶುಭವೆಂಬ ಸಾಮಾನ್ಯ ಅರ್ಥವಷ್ಟೇ ಸಾಲದು. ವೇದ ಓದಿದ ಬ್ರಾಹ್ಮಣರಿಗೆ ಅರಸನೋ ಮಾಂಡಲಿಕನೋ ತೆರಿಗೆಯಿಲ್ಲದೆ ಬಿಟ್ಟುಕೊಟ್ಟ ಊರು ಅಗ್ರಹಾರ ಅಥವಾ ಬ್ರಹ್ಮದೇಯ. ತಮಿಳು ನಾಡಿನಲ್ಲಿ ಇಂಥ ಊರುಗಳಿಗೆ ‘ಚತುರ್ವೇದಿಮಂಗಲಂ’ ಎಂಬ ಬಾಲ ಅಂಟಿಸುವುದು, ಅದರ ಮುಂದೆ ಅರಸನ ಹೆಸರನ್ನೋ ಬಿರುದನ್ನೋ ಇಡುವುದು ಪದ್ಧತಿಯಾಗಿತ್ತು. ಸುಮಾರು 1004ರಲ್ಲಿ ಚೋಳರು ತಲಕಾಡನ್ನು ಹಿಡಿದು ಗಂಗರ ಆಳ್ವಿಕೆಯನ್ನು ಕೊನೆಗಾಣಿಸಿದ ಮೇಲೆ ಗಂಗವಾಡಿಗೆ ಮುಡಿಗೊಂಡಚೋಳಮಂಡಲವೆಂದೂ ಕೋಲಾರದ ಕಡೆಯ ಭಾಗಕ್ಕೆ ನಿಕರಿಲಿಚೋಳಮಂಡಲವೆಂದೂ ಹೆಸರು ಬಿತ್ತು. ಹೊಸಕೋಟೆ, ದೇವನಹಳ್ಳಿ ಕಡೆಯ ಹಳೆಯ ಗುಡಿಗಳ ಗೋಡೆಗಳಲ್ಲಿ ತಮಿಳು ಶಾಸನಗಳು ಕಾಣುವುದು ಈ ಕಾರಣದಿಂದಲೇ. ಹಾಗೆಂದು ಮಂಗಲವೆಂಬ ಬಾಲ ಕಂಡಲ್ಲೆಲ್ಲ ಚೋಳರ ಕೈವಾಡವನ್ನು ಕಾಣುವುದು ಅವಸರದ ತೀರ್ಮಾನ. ಕೋಲಾರ ಸೀಮೆಯ ಬೇತಮಂಗಲದ ಹಳೆಯ ಹೆಸರು ವಿಜಯಾದಿತ್ಯಮಂಗಲ; ಅದು ಬಾಣ ಅರಸ ವಿಜಯಾದಿತ್ಯನ ಹೆಸರಿನಿಂದ ಬಂದದ್ದು, ಮತ್ತು ಅಲ್ಲಿನ ಕೆರೆಯನ್ನು ನೊಳಂಬರು ದುರಸ್ತಿ ಮಾಡಿಸಿದ್ದು ಹತ್ತನೆಯ ಶತಮಾನದಲ್ಲಿ, ಚೋಳರು ಇಲ್ಲಿ ಕಾಲಿಡುವುದಕ್ಕೆ ಮೊದಲೇ.

ಬೇತಮಂಗಲದ ಉದಾಹರಣೆಯಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಅರಸನ ಹೆಸರು ಹೋಯಿತು, ಮಂಗಲ ಉಳಿಯಿತು. ಬೆಂಗಳೂರಿನ ದೊಮ್ಮಲೂರಿಗೆ ಹಳೆಯ ತಮಿಳು ಶಾಸನಗಳಲ್ಲಿ ‘ದೇಶಿಮಾಣಿಕ್ಕಪಟ್ಟಣಂ’ ಎಂಬ ಭಾರಿ ಹೆಸರು ಕೊಟ್ಟಿದ್ದಾರೆ, ಆದರೆ ಇಂದು ಬಸ್ಸಿನ ಫಲಕದ ಮೇಲೆ ಇರುವುದು ದೊಮ್ಮಲೂರೇ. ಮೇಲಿನಿಂದ ಇಟ್ಟ ಹೆಸರು ಇಟ್ಟವರ ಅಧಿಕಾರ ಇರುವವರೆಗೆ ಬಾಳುತ್ತದೆ. ಊರಿನವರು ತಮ್ಮತಮ್ಮಲ್ಲಿ ಕರೆದುಕೊಂಡ ಹೆಸರು ಶಾಸನದ ಕಲ್ಲಿನ ಹೊರಗೆ ಸದ್ದಿಲ್ಲದೆ ಕಾದು ಕುಳಿತಿರುತ್ತದೆ. ನೆಲಮಂಗಲ, ಬೆಳವಂಗಲಗಳು ಇಷ್ಟು ಕಾಲ ಉಳಿದಿದ್ದಕ್ಕೆ ಅವುಗಳ ತಲೆಯಲ್ಲಿ ಯಾವ ಅರಸನೂ ಕುಳಿತಿರದಿದ್ದುದೇ ಕಾರಣವೆಂದು ತೋರುತ್ತದೆ.

ಬೆಂದ ಕಾಳು, ಬಳ್ಳ ಹಾಲು

ಊರ ಹೆಸರಿಗೆ ಜನ ಕಟ್ಟಿದ ಕತೆಗಳಲ್ಲಿ ಈ ಸೀಮೆಯಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದದ್ದು ಬೆಂಗಳೂರಿನದು. ಬೇಟೆಗೆ ಬಂದು ದಾರಿ ತಪ್ಪಿದ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು ಬೆಂಗಳೂರಾಯಿತು ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಇಮ್ಮಡಿ ವೀರಬಲ್ಲಾಳ ಆಳಿದ್ದು 1173ರಿಂದ 1220ರವರೆಗೆ. ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿ ಸಿಕ್ಕಿರುವ, ಸುಮಾರು ಕ್ರಿ.ಶ. 900ರ ಗಂಗರ ಕಾಲದ ವೀರಗಲ್ಲೊಂದರಲ್ಲಿ ‘ಬೆಂಗಳೂರ ಕಾಳಗ’ದ ಮಾತಿದೆ, ಎಂದರೆ ಬಲ್ಲಾಳ ಹುಟ್ಟುವುದಕ್ಕೆ ಎರಡು ಶತಮಾನಕ್ಕೂ ಮೊದಲೇ ಆ ಊರು ಇತ್ತು, ಅದಕ್ಕಾಗಿ ಜನ ಹೊಡೆದಾಡಿ ಸತ್ತದ್ದೂ ಆಗಿತ್ತು. ಒಂದು ಕಲ್ಲು ಒಂದು ಕತೆಯನ್ನು ಇಷ್ಟು ಪೂರ್ತಿಯಾಗಿ ಕೆಡವಿದ ಉದಾಹರಣೆ ಕನ್ನಡ ನಾಡಿನಲ್ಲಿ ವಿರಳ. ಆದರೂ ಕತೆ ಸಾಯಲಿಲ್ಲ. ಊರು ಏಕೆ ಹಾಗೆ ಕರೆಸಿಕೊಂಡಿತು ಎಂಬ ಪ್ರಶ್ನೆಗೆ ಶಾಸನ ಉತ್ತರ ಕೊಡುವುದಿಲ್ಲ, ಕತೆ ಕೊಡುತ್ತದೆ.

ದೊಡ್ಡಬಳ್ಳಾಪುರದ ಕತೆ ಇನ್ನೊಂದು ಬಗೆಯದು. ಹಸುವೊಂದು ದಿನವೂ ಹುತ್ತದ ಮೇಲೆ ಒಂದು ಬಳ್ಳದಷ್ಟು ಹಾಲು ಸುರಿಸುತ್ತಿತ್ತು, ಆ ಜಾಗ ಪವಿತ್ರವೆಂದು ತಿಳಿದ ಆವತಿಯ ಪ್ರಭುಗಳು ಅಲ್ಲಿ ಊರು ಕಟ್ಟಿದರು, ಅದು ಬಳ್ಳಾಪುರವಾಯಿತು. ಬಳ್ಳವೆಂದರೆ ಧಾನ್ಯವನ್ನೂ ಹಾಲನ್ನೂ ಅಳೆಯುತ್ತಿದ್ದ ಹಳೆಯ ಅಳತೆ. ಹುತ್ತಕ್ಕೆ ಹಾಲು ಕರೆಯುವ ಹಸುವಿನ ಕತೆ ದಕ್ಷಿಣ ಭಾರತದ ಎಷ್ಟೋ ಕ್ಷೇತ್ರಗಳ ಸ್ಥಳಪುರಾಣದಲ್ಲಿದೆ. ಎಲ್ಲೆಲ್ಲೂ ಹಸು ಒಂದೇ, ಅಳತೆ ಮಾತ್ರ ಊರ ಹೆಸರಿಗೆ ತಕ್ಕಂತೆ ಬದಲಾಗುತ್ತದೆ. ಬಲ್ಲಾಳಪುರವೇ ಬಳ್ಳಾಪುರವಾಯಿತೆಂಬ ಇನ್ನೊಂದು ವಾದಕ್ಕೆ ಒಂದು ಅನುಕೂಲವಿದೆ: ‘ಬಳ್ಳ’ ಮತ್ತು ‘ಪುರ’ ಸೇರಿದರೆ ಬಳ್ಳಪುರವಾಗಬೇಕು, ನಡುವಿನ ದೀರ್ಘಕ್ಕೆ ಕಾರಣ ಹುಡುಕಬೇಕಾಗುತ್ತದೆ, ಬಲ್ಲಾಳದಲ್ಲಿ ಆ ದೀರ್ಘ ಮೊದಲೇ ಇದೆ, ಒತ್ತೊತ್ತಾಗಿ ಬರುವ ಲಕಾರ ಳಕಾರಗಳಲ್ಲಿ ಒಂದು ಜಾರಿದರೆ ಸಾಕು. ಸಮಾಸದ ನಡುವೆ ಸುಮ್ಮನೆ ದೀರ್ಘ ಬರುವುದೂ ಉಂಟಾದ್ದರಿಂದ ಇದನ್ನು ಕೊನೆಯ ಮಾತೆನ್ನಲಾಗದು, ಆದರೂ ತೂಕ ಇತ್ತ ಕಡೆಗೇ.

ಆವತಿಯ ಪ್ರಭುಗಳದೇ ದೇವನಹಳ್ಳಿ. ಅದರ ಹಳೆಯ ಹೆಸರು ದೇವನದೊಡ್ಡಿ. ದೊಡ್ಡಿಯೆಂದರೆ ದನ ಕೂಡುವ ಜಾಗ. 1501ರಲ್ಲಿ ಮಲ್ಲಬೈರೇಗೌಡ ಕೋಟೆ ಕಟ್ಟಿದ ಮೇಲೂ ಊರು ‘ಹಳ್ಳಿ’ ಎಂಬ ಬಾಲವನ್ನು ಬಿಡಲಿಲ್ಲ, ವಿಮಾನ ನಿಲ್ದಾಣ ಬಂದ ಮೇಲೂ ಬಿಟ್ಟಿಲ್ಲ. ಸುಗಟೂರಿನ ತಮ್ಮೇಗೌಡ ಹದಿನಾರನೆಯ ಶತಮಾನದ ಕೊನೆಗೆ ಕಟ್ಟಿಸಿದ ಹೊಸಕೋಟೆ, ಕೋಲಾರದ ಹಳೆಯ ಕೋಟೆಗೆ ಹೋಲಿಸಿ ‘ಹೊಸ’ದಾಯಿತಂತೆ, ನಾನೂರು ವರ್ಷ ಕಳೆದರೂ ಅದು ಹೊಸದೇ.

ಕಲ್ಲಿನಲ್ಲಿದ್ದು ಬಾಯಲ್ಲಿ ಇಲ್ಲದ್ದು

ಹೆಸರು ಎಲ್ಲವನ್ನೂ ನೆನಪಿಟ್ಟಿರುತ್ತದೆ ಎಂದು ನಂಬಿದವರಿಗೆ ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟ ಒಂದು ಎಚ್ಚರಿಕೆ. 2001ರಿಂದ ಮೈಸೂರು ವಿಶ್ವವಿದ್ಯಾನಿಲಯದವರು ನಡೆಸಿದ ಉತ್ಖನನದಲ್ಲಿ ಅಲ್ಲಿ ಬೌದ್ಧ ಚೈತ್ಯ ಮತ್ತು ವಿಹಾರದ ತಳಪಾಯ ಸಿಕ್ಕಿತು, ಜೊತೆಗೆ ಭಕ್ತರು ಹರಕೆಯಾಗಿ ಅರ್ಪಿಸಿದ ಪುಟ್ಟ ಮಣ್ಣಿನ ಮುದ್ರಿಕೆಗಳು ಸಿಕ್ಕವು. ಭಿಕ್ಷುಗಳ ಇಡೀ ಒಂದು ನೆಲೆ ಇದ್ದ ಆ ಜಾಗವನ್ನು ಊರಿನವರು ಕರೆಯುತ್ತಿದ್ದುದು ‘ಬೂದಿಗುಂಡಿ’ ಎಂದು. ‘ಬೂದಿ’ಯಲ್ಲಿ ಬುದ್ಧನನ್ನು ಕಾಣುವ ಆಸೆ ಬಲವಾಗಿಯೇ ಬರುತ್ತದೆ, ಆದರೆ ಅಗೆದಾಗ ಬೂದುಬಣ್ಣದ ಸಡಿಲ ಮಣ್ಣು ಸಿಗುವ ಹಳೆಯ ದಿಬ್ಬಗಳಿಗೆ ಕನ್ನಡಿಗರು ಕೊಡುವ ಸಹಜವಾದ ಹೆಸರೇ ಅದು. ಊರ ಹೆಸರಿನಲ್ಲಿ ರಾಜನಿದ್ದಾನೆ, ಘಟ್ಟವಿದೆ, ಬುದ್ಧನಿಲ್ಲ.

ನೆಲಮಂಗಲ ತಾಲ್ಲೂಕಿನ ಮಣ್ಣೆಯ ಕತೆ ಇದಕ್ಕೆ ಎದುರು. ಇಂದು ಸಣ್ಣ ಹಳ್ಳಿಯಾಗಿರುವ ಇದು ಗಂಗರ ತಾಮ್ರಶಾಸನಗಳ ‘ಮಾನ್ಯಪುರ’. ಎಂಟನೆಯ ಶತಮಾನದಲ್ಲಿ ದೊರೆ ಶ್ರೀಪುರುಷ ನೆಲೆಸಿದ್ದ ರಾಜಧಾನಿ, 797ರಲ್ಲಿ ಸೇನಾಪತಿ ಶ್ರೀವಿಜಯ ಜಿನಾಲಯ ಕಟ್ಟಿಸಿದ ಊರು. ಮಾನ್ಯಪುರ ಸವೆದು ಮಣ್ಣೆಯಾಯಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ಇದೇ ಗಂಗರ ಶಾಸನಕವಿಗಳು ತಲಕಾಡನ್ನು ತಲವನಪುರವೆಂದೂ ಕೋಲಾರವನ್ನು ಕುವಳಾಲಪುರವೆಂದೂ ಬರೆದವರು. ದೇಸಿ ಹೆಸರಿಗೆ ಸಂಸ್ಕೃತದ ಅಂಗಿ ತೊಡಿಸುವುದು ಅವರ ಕಸುಬಿನ ಭಾಗವೇ ಆಗಿತ್ತು. ಮಣ್ಣೆಯೇ ಮೊದಲಿದ್ದು ಮಾನ್ಯಪುರ ಅದರ ಒಡ್ಡೋಲಗದ ವೇಷವಾಗಿದ್ದಿರಲೂ ಸಾಧ್ಯ. ಸವೆತದ ದಿಕ್ಕು ಯಾವಾಗಲೂ ಸಂಸ್ಕೃತದಿಂದ ಕನ್ನಡಕ್ಕೆ ಎಂದು ತಿಳಿಯುವುದು ಹಳೆಯ ಅಭ್ಯಾಸವಷ್ಟೇ, ಪ್ರಮಾಣವಲ್ಲ.

ಈ ಭಾಗದ ಶಾಸನಗಳನ್ನು ಒಟ್ಟು ಮಾಡಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟವಾಗಿ 1905ರಲ್ಲಿ ಹೊರತಂದವರು ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್. ಊರ ಹೆಸರುಗಳ ಬೆನ್ನು ಹತ್ತಿ ನಾಡಿನ ಇತಿಹಾಸವನ್ನೇ ಬರೆಯಬಹುದೆಂದು ಕನ್ನಡದಲ್ಲಿ ತೋರಿಸಿಕೊಟ್ಟವರು ಶಂ.ಬಾ. ಜೋಶಿ, ಅವರ ‘ಎಡೆಗಳು ಹೇಳುವ ಕಂನಾಡ ಕತೆ’ಯ ಶೀರ್ಷಿಕೆಯೇ ಆ ವಿಧಾನದ ಸಾರ. ಅವರ ಎಷ್ಟೋ ತೀರ್ಮಾನಗಳನ್ನು ಮುಂದಿನವರು ಒಪ್ಪಲಿಲ್ಲ, ಆದರೆ ಎಡೆಗಳು ಮಾತಾಡುತ್ತವೆ ಎಂಬುದನ್ನು ಯಾರೂ ಅಲ್ಲಗಳೆಯಲಿಲ್ಲ.

ದೊಡ್ಡದು, ಚಿಕ್ಕದು, ನೀರಿನದು

ಬೆಳವಂಗಲಕ್ಕೆ ‘ದೊಡ್ಡ’ ಅಂಟಿದ್ದು ಮಗ್ಗುಲಲ್ಲಿ ಚಿಕ್ಕಬೆಳವಂಗಲ ಇರುವುದರಿಂದ. ದೊಡ್ಡತುಮಕೂರು, ಚಿಕ್ಕತುಮಕೂರುಗಳೂ ಇದೇ ತಾಲ್ಲೂಕಿನ ಇಂಥದೇ ಜೋಡಿ. ಒಂದು ಊರು ಬೆಳೆದು ಅದರ ಒಂದು ಪಾಲು ಬೇರೆ ಕಡೆ ಮನೆ ಹೂಡಿದಾಗ ಹೊಸದಕ್ಕೂ ಹಳೆಯ ಹೆಸರೇ ಸಲ್ಲುತ್ತದೆ, ಆಮೇಲೆ ಎರಡನ್ನೂ ಬೇರೆ ಮಾಡಲು ವಿಶೇಷಣ ಬೇಕಾಗುತ್ತದೆ. ಆದ್ದರಿಂದ ಹೆಸರಿನಲ್ಲಿ ‘ದೊಡ್ಡ’ ಎಂಬುದು ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ಈಚಿನ ಪದರ; ಆಡುಮಾತು ಅದನ್ನೇ ಮೊದಲು ಉದುರಿಸುವುದರಲ್ಲಿ ಒಂದು ನ್ಯಾಯವಿದೆ. ಹಳಗನ್ನಡದ ಕಾಲದಲ್ಲಿ ಈ ಕೆಲಸಕ್ಕೆ ಇದ್ದ ಪದ ‘ಪೆರ್’ ಅಥವಾ ‘ಪಿರಿಯ’. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಚರಂಡಿ 
ಕೆಲಸದ ನಡುವೆ ಸಿಕ್ಕಿದ, ಸುಮಾರು ಕ್ರಿ.ಶ. 750ರ ಕಿಟ್ಟಯ್ಯನ ವೀರಗಲ್ಲಿನಲ್ಲಿ ‘ಪೆರ್ಬೊಳಲ್ ನಾಡು’ ಎಂಬ ಹೆಸರಿದೆ. ಪೆರ್ ಎಂದರೆ ಹಿರಿದು, ಪೊೞಲ್ ಎಂದರೆ ಪಟ್ಟಣ. ಹಿರಿಯ ಪಟ್ಟಣವೇ ಪಕಾರ ಹಕಾರವಾಗಿ ಹೆಬ್ಬಾಳವಾಯಿತು. ಆ ಕಲ್ಲು ಸಿಗುವವರೆಗೆ ‘ಬಾಳ’ಕ್ಕೆ ಏನು ಅರ್ಥ ಹೇಳಿದರೂ ನಡೆಯುತ್ತಿತ್ತು. ಇನ್ನು ದೊಡ್ಡ, ಚಿಕ್ಕಗಳು ಒಮ್ಮೆ ಅಂಟಿದರೆ ವಾಸ್ತವ ಬದಲಾದರೂ ಬಿಡುವುದಿಲ್ಲ: 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು, ದೊಡ್ಡಬಳ್ಳಾಪುರ ತಾಲ್ಲೂಕಾಗಿಯೇ ಇದೆ.

ನದಿಯ ನೀರು ಕಡಿಮೆಯಿದ್ದು ಕೆರೆಯನ್ನೇ ನೆಚ್ಚಿದ ಈ ಸೀಮೆಯಲ್ಲಿ ನೀರಿನ ಹೆಸರುಗಳು ಹೆಜ್ಜೆಗೊಂದು. ತೂಬಗೆರೆ ಹೋಬಳಿಯ ಹೆಸರಿನಲ್ಲಿ ತೂಬು ಮತ್ತು ಕೆರೆ ಎರಡೂ ಇವೆ. ತೂಬೆಂದರೆ ಏರಿಯ ಅಡಿಯಲ್ಲಿ ನೀರನ್ನು ಗದ್ದೆಗೆ ಬಿಡುವ ಕಂಡಿ. ಇಲ್ಲಿ ಕಕಾರಕ್ಕೆ ಗಕಾರ ಬಂದಿರುವುದೂ ಬೆಳವಂಗಲದಲ್ಲಿ ಮಕಾರಕ್ಕೆ ವಕಾರ ಬಂದಿರುವುದೂ ಒಂದೇ ಕುಟುಂಬದ ವ್ಯವಹಾರ. ಬೊಮ್ಮಸಂದ್ರ, ಜಕ್ಕಸಂದ್ರ, ತಿಪ್ಪಸಂದ್ರಗಳಲ್ಲಿರುವ ‘ಸಂದ್ರ’ ಚಂದ್ರನೂ ಅಲ್ಲ, ಸಾಂದ್ರವೂ ಅಲ್ಲ. ದೊಡ್ಡ ಕೆರೆಯನ್ನು ಸಮುದ್ರವೆಂದು ಕರೆಯುತ್ತಿದ್ದವರ ಹೆಮ್ಮೆ ನಾಲಗೆಯ ಮೇಲೆ ಕರಗಿ ಉಳಿದ ಗಸಿ. ಕೋಡಿಹಳ್ಳಿ ಮತ್ತು ಕೊಡಿಗೇಹಳ್ಳಿಗಳನ್ನು ಒಂದೇ ಬಗೆಯ ಹೆಸರೆಂದು ಭಾವಿಸುವವರುಂಟು. ಕೋಡಿ ಎಂದರೆ ತುಂಬಿದ ಕೆರೆಯ ಹೆಚ್ಚುವರಿ ನೀರು ಹರಿದುಹೋಗುವ ತಾಣ. ಕೊಡಗೆ ಅಥವಾ ಕೊಡಿಗೆ ಎಂದರೆ ದತ್ತಿ ಬಿಟ್ಟ ಭೂಮಿ: ಕೆರೆ ಕಟ್ಟಿಸಿ ಕಾಪಾಡಿದವರಿಗೆ ಕೊಟ್ಟದ್ದು ಕಟ್ಟುಕೊಡಗೆ, ಕಾಳಗದಲ್ಲಿ ಸತ್ತವನ ಮನೆಯವರಿಗೆ ಕೊಟ್ಟದ್ದು ನೆತ್ತರುಗೊಡಗೆ. ಒಂದರಲ್ಲಿ ನೀರು ಹರಿದಿದೆ, ಇನ್ನೊಂದರಲ್ಲಿ ಕೆಲವೊಮ್ಮೆ ರಕ್ತ ಹರಿದಿದೆ. ಒಂದು ದೀರ್ಘ ಸ್ವರ ತಪ್ಪಿದರೆ ಎರಡೂ ಕಲಸಿಹೋಗುತ್ತವೆ.

ಮಜರೆ, ಬೇಚಿರಾಕು, ಪೇಟೆ

1687ರ ನಂತರ ಮೊಗಲರು ಶಿರಾವನ್ನು ಕೇಂದ್ರವಾಗಿಟ್ಟುಕೊಂಡು ಏಳು ಪರಗಣಗಳ ಸುಬಾ ರಚಿಸಿದಾಗ ಅವುಗಳಲ್ಲಿ ದೊಡ್ಡಬಳ್ಳಾಪುರವೂ ಹೊಸಕೋಟೆಯೂ ಸೇರಿದ್ದವು. ಆ ಆಡಳಿತದ ಪಾರಸಿ ಪದಗಳು ಊರ ಹೆಸರನ್ನು ಬದಲಿಸಿದ್ದಕ್ಕಿಂತ ಊರನ್ನು ಲೆಕ್ಕಕ್ಕೆ ಬರೆದುಕೊಳ್ಳುವ ರೀತಿಯನ್ನು ಬದಲಿಸಿದ್ದೇ ಹೆಚ್ಚು. ಕಸಬಾ ಹೋಬಳಿಯ ‘ಕಸಬಾ’, ಮಜರಾ ಹೊಸಹಳ್ಳಿಯ ‘ಮಜರಾ’ ಅಲ್ಲಿಂದ ಬಂದವು. ಮಜರೆ ಎಂದರೆ ಮೂಲ ಗ್ರಾಮಕ್ಕೆ ಸೇರಿದ ಸಣ್ಣ ಉಪಗ್ರಾಮ. ಇವೆಲ್ಲಕ್ಕಿಂತ ಮನಮುಟ್ಟುವ ಪದ ‘ಬೇಚಿರಾಕು’. ಪಾರಸಿಯಲ್ಲಿ ಚಿರಾಗ್ ಎಂದರೆ ದೀಪ, ಬೇಚಿರಾಗ್ ಎಂದರೆ ದೀಪವಿಲ್ಲದ್ದು. ಬರದಿಂದಲೋ ಪ್ಲೇಗಿನಿಂದಲೋ ಜನ ಬಿಟ್ಟುಹೋದ ಊರನ್ನು ಕಂದಾಯ ಇಲಾಖೆ ಇಂದಿಗೂ ಬೇಚಿರಾಕು ಗ್ರಾಮವೆಂದೇ ಬರೆಯುತ್ತದೆ. ಅಲ್ಲಿ ಮನೆಯಿಲ್ಲ, ಒಲೆಯಿಲ್ಲ. ಹೆಸರಿದೆ, ಸರ್ವೆ ನಂಬರುಗಳಿವೆ, ಪಹಣಿಯಿದೆ.

ದೊರೆಗಳು ಇಟ್ಟ ಹೆಸರುಗಳ ಗತಿ ಇಲ್ಲಿಯೂ ಚೋಳರ ಕಾಲದಂತೆಯೇ ಆಯಿತು. ಟಿಪ್ಪು ತಾನು ಹುಟ್ಟಿದ ದೇವನಹಳ್ಳಿಗೆ ಯೂಸುಫಾಬಾದ್ ಎಂದು ಹೆಸರಿಟ್ಟ, ಅದು ಅವನೊಡನೆ ಹೋಯಿತು. ಶಂಷೇರಾಬಾದ್ ಎನಿಸಿದ್ದ ಊರು ಇಂಗ್ಲಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ನೆನಪಿಗೆ ಕ್ಲೋಸ್‌ಪೇಟೆಯಾಗಿ, ಸ್ವಾತಂತ್ರ್ಯದ ನಂತರ ರಾಮನಗರವಾಯಿತು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರು ಬಂತು. ಆದರೆ ಈ ವಾದಕ್ಕೆ ಅಡ್ಡ ಬರುವ ಊರೊಂದು ದೊಡ್ಡಬೆಳವಂಗಲದ ರಸ್ತೆಯಲ್ಲೇ ಇದೆ. ಹತ್ತೊಂಬತ್ತನೆಯ ಶತಮಾನದ ನಡುವೆ ತುಮಕೂರಿನಲ್ಲಿದ್ದು ಚಿತ್ರದುರ್ಗ ವಿಭಾಗವನ್ನು ನೋಡಿಕೊಂಡ ಅಧಿಕಾರಿ ಡಾಬ್ಸ್‌ನ ಹೆಸರಿನ ಪೇಟೆ ದಾಬಸ್‌ಪೇಟೆಯಾಗಿ ಗಟ್ಟಿಯಾಗಿ ನಿಂತಿದೆ. ಕ್ಲೋಸ್ ಹೋಗಿ ಡಾಬ್ಸ್ ಉಳಿದದ್ದು ಏಕೆ? ಬಹುಶಃ ‘ದಾಬಸ್’ ಎಂಬುದು ಕನ್ನಡದ ನಾಲಗೆಯಲ್ಲಿ ಹೊರಳಿ ಹೊರಳಿ, ಅದು ಒಬ್ಬ ಮನುಷ್ಯನ ಹೆಸರೆಂಬುದೇ ಮರೆತುಹೋದದ್ದರಿಂದ. ಮರೆವೂ ಹೆಸರನ್ನು ಕಾಪಾಡುತ್ತದೆ.

ಜಿಲ್ಲೆಯ ಹೆಸರಿನ ಮಾತು ಬೇರೆ. 1986ರಲ್ಲಿ ಬೆಂಗಳೂರು ಜಿಲ್ಲೆಯನ್ನು ಒಡೆದಾಗ ಈ ಭಾಗಕ್ಕೆ ಸಿಕ್ಕಿದ ‘ಗ್ರಾಮಾಂತರ’ ಹೆಸರಾಗಿರಲಿಲ್ಲ, ನಗರವಲ್ಲದ್ದು ಎಂಬ ವಿವರಣೆಯಾಗಿತ್ತು. 2025ರ ಜುಲೈ 2ರಂದು ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ಅದನ್ನು ಬೆಂಗಳೂರು ಉತ್ತರವೆಂದು ಬದಲಿಸಲು ತೀರ್ಮಾನಿಸಿತು. ವಿವರಣೆ ಹೋಗಿ ದಿಕ್ಕು ಬಂತು. ಭೂಮಿಯ ಬೆಲೆಗೆ ಇದರಿಂದ ಆಗುವ ಅನುಕೂಲವನ್ನು ಬಲ್ಲವರು ಬಲ್ಲರು.

ಹೆದ್ದಾರಿಯ ಫಲಕಗಳ ಮೇಲೆ ಇಂಗ್ಲಿಷಿನಲ್ಲಿ ಬರೆದ ಊರ ಹೆಸರಿಗೆ ಳಕಾರವನ್ನು ಸೂಚಿಸುವ ಅಕ್ಷರವಿಲ್ಲ. ಅದನ್ನು ನೋಡಿ ಮತ್ತೆ ಕನ್ನಡಕ್ಕೆ ತಿರುಗಿಸುವ ಮೊಬೈಲ್ ನಕ್ಷೆಗಳಲ್ಲಿ ಬೆಳ ‘ಬೆಲ’ವಾಗುವ ಅಪಾಯ ಸದಾ ಇದ್ದೇ ಇದೆ, ಹಾಗಾದರೆ ಬೆಳ್ಪೂ ಬೆಳೆಯೂ ಎರಡೂ ಒಟ್ಟಿಗೆ ಕಳೆದುಹೋಗುತ್ತವೆ. ರಸ್ತೆಯ ಎರಡೂ ಬದಿಯ ಬಡಾವಣೆಗಳಂತೂ ಯಾವ ನೆಲಕ್ಕೂ ಸೇರದ ಹೆಸರುಗಳನ್ನು ಹೊತ್ತು ನಿಂತಿವೆ. ಆದರೆ ಆ ಬಡಾವಣೆಯ ನಿವೇಶನ ಕೊಂಡವನು ನೋಂದಣಿ ಮಾಡಿಸುವ ಕ್ರಯಪತ್ರದ ಕೊನೆಯ ಪುಟದಲ್ಲಿ ‘ಚಕ್ಕುಬಂದಿ’ ಎಂಬ ಭಾಗವಿರುತ್ತದೆ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ರಾಜಕಾಲುವೆ, ಉತ್ತರಕ್ಕೆ ಕೆರೆ ಅಂಗಳ, ದಕ್ಷಿಣಕ್ಕೆ ಗ್ರಾಮದ ಗಡಿ ಎಂದು ನಾಲ್ಕು ಎಲ್ಲೆಗಳನ್ನು ಅದರಲ್ಲಿ ಹೇಳಬೇಕು, ಮೇಲೆ ಹೋಬಳಿಯ ಹೆಸರನ್ನು ತಪ್ಪದೆ ಬರೆಯಬೇಕು. ಗಂಗರ ತಾಮ್ರಪಟಗಳ ಕ್ರಮವೂ ಇದೇ ಆಗಿತ್ತು: ದೊರೆಯ ವಂಶ, ಪ್ರತಾಪಗಳ ವರ್ಣನೆಯೆಲ್ಲ ಸಂಸ್ಕೃತದಲ್ಲಿ ಮುಗಿದ ಮೇಲೆ, ಕೊಟ್ಟ ಊರಿನ ಎಲ್ಲೆಗಳನ್ನು ಹೇಳುವ ಹೊತ್ತಿಗೆ ಬರಹ ಕನ್ನಡಕ್ಕೆ ಇಳಿಯುತ್ತದೆ, ಮತ್ತು ಮೂಡಣ ಕೆರೆ, ತೆಂಕಣ ಹುತ್ತ, ಪಡುವಣ ಬಂಡೆಗಳಂಥ ಗುರುತುಗಳು ಊರಿನವರು ಕರೆಯುತ್ತಿದ್ದ ಹೆಸರಿನಲ್ಲೇ ಒಂದೊಂದಾಗಿ ಸಾಲುಗಟ್ಟುತ್ತವೆ.